ಚಂದ್ರನಿಗೆ ಕಟ್ಟಿದ ಏಳು ಬಣ್ಣದ ಗುಡಿ

ರಾಯಚೂರು,
ರವಿವಾರ, ೨೨ ಫೆಬ್ರವರಿ ೨೦೨೬

ದೇವದುರ್ಗದ ಆಕಾಶ ಖಾತೆಯ ಸಚಿವರೂ, ಅಲ್ಲಿನ ಬಸ್ ನಿಲ್ದಾಣದ ನಿವೃತ್ತ ಕಂಟ್ರೋಲರರೂ, ನನ್ನ ಸೋದರತ್ತೆಯ ಒಬ್ಬನೇ ಮಗನೂ ಆದ ಶ್ರೀ ಮೌನೇಶಪ್ಪನವರಿಗೆ, ಅವರ ಧರ್ಮಪತ್ನಿ, ಸದ್ಯಕ್ಕೆ ರಜೆಯ ಮೇಲಿರುವ ಸುನಂದಾ ಮಾಡುವ ಸಾಷ್ಟಾಂಗ ನಮಸ್ಕಾರಗಳು. ಎಂಟು ಅಂಗಗಳಲ್ಲಿ ಮೊಣಕಾಲುಗಳೆರಡು ನೋವಿನ ನಿಮಿತ್ತ ಗೈರುಹಾಜರಾಗಿವೆ. ಉಳಿದ ಆರರ ನಮಸ್ಕಾರವನ್ನು ಸ್ವೀಕರಿಸಬೇಕು.

ಮೊದಲಿಗೆ ಒಂದು ಮಹತ್ವದ ಪ್ರಕಟಣೆ. ರಾಯಚೂರು ನಗರದ ಸಮಸ್ತ ನಾಗರಿಕರಿಗೂ, ಕೃಷ್ಣೆ ತುಂಗಭದ್ರೆಯರ ನಡುವೆ ವಾಸಿಸುವ ಸಕಲ ಜೀವರಾಶಿಗಳಿಗೂ ತಿಳಿಯಪಡಿಸುವುದೇನೆಂದರೆ, ನನ್ನ ಅಕ್ಕ ನೇತ್ರಾವತಿಯ ಮನೆಯ ಪಡಸಾಲೆಯ ಬಲ್ಬನ್ನು ಈ ತಿಂಗಳಲ್ಲಿ ಮೂರನೆಯ ಸಲ ಬದಲಾಯಿಸಲಾಗಿದೆ. ಅಕ್ಕನ ಮಗಳು ಸ್ವಪ್ನಾ ಸ್ಟೂಲು ಹತ್ತಿದಳು. ನಾನು ಸ್ಟೂಲು ಹಿಡಿದೆ. ಅಕ್ಕ ಯಾವುದನ್ನೂ ಹಿಡಿಯದೆ ಅಪ್ಪಣೆ ಕೊಟ್ಟಳು. ಸಮಾರಂಭದಲ್ಲಿ ತೆಂಗಿನಕಾಯಿ ಒಡೆಯುವುದೊಂದು ಬಾಕಿ ಉಳಿಯಿತು. ಬಲ್ಬಿನ ಪ್ರವರ ನನಗ್ಯಾಕ ಅಂತ ಪತ್ರ ಮಡಿಸಬೇಡಿ. ಈ ಬಲ್ಬಿಗೂ ನಿಮಗೂ ನೆಂಟಸ್ತಿಕೆ ಇದೆ, ಮುಂದೆ ಬರುತ್ತದೆ.

ಇದನ್ನೆಲ್ಲ ಫೋನಿನಲ್ಲಿ ಹೇಳಬಹುದಿತ್ತು. ಆದರೆ ಫೋನ್ ಮಾಡಿದರೆ ನೀವು ‘ಹಾಂ, ಹೂಂ, ಮುಗಿಲು ನೋಡಾಕತ್ತೀನಿ, ಇಡ್ತೀನಿ’ ಅಂತ ಇಟ್ಟುಬಿಡುತ್ತೀರಿ. ಮೊನ್ನೆ ‘ಒಂದ್ಸಲ ಕಣ್ಣು ತೋರಿಸ್ಕೋರಿ’ ಅಂದದ್ದಕ್ಕೆ, ‘ಕೆಟ್ಟಿದ್ದು ನನ್ನ ಕಣ್ಣಲ್ಲ, ನಿನ್ನ ನಂಬಿಕಿ’ ಅಂದು ಇಟ್ಟಿರಿ. ಮಾತು ಚೆನ್ನಾಗಿತ್ತು. ನಾನೂ ಸ್ವಲ್ಪ ಹೊತ್ತು ಮೆಚ್ಚಿಕೊಂಡೇ ಕೂತೆ. ಆಮೇಲೆ ಅಂಚೆ ಕಚೇರಿಗೆ ಹೋಗಿ ಲಕೋಟೆ ತಂದೆ. ಲಕೋಟೆಗೆ ಇಡುವ ಗುಂಡಿ ಇರುವುದಿಲ್ಲ.

ನಿಮಗೆ ಗೊತ್ತಿರುವುದನ್ನೇ ಮತ್ತೆ ಬರೆಯುತ್ತಿದ್ದೇನೆ. ಒಂದೇ ಮನೆಯಲ್ಲಿ ಇದ್ದರೂ ನೀವು ನೋಡಿದ ಕಥೆಯೇ ಬೇರೆ, ನಾನು ನೋಡಿದ್ದೇ ಬೇರೆ ಅಂತ ಈಗೀಗ ಗೊತ್ತಾಗಿದೆ.

ಮೂವತ್ತು ವರ್ಷ ನೀವು ದೇವದುರ್ಗದ ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಯಾವ ಬಸ್ಸು ಯಾವಾಗ ಬರುತ್ತದೆ ಎಂದು ಹೇಳಿದಿರಿ. ಬಸ್ಸುಗಳು ತಮಗೆ ಮನಸ್ಸು ಬಂದಾಗ ಬಂದವು. ಆದರೂ ನಿಮ್ಮ ದನಿಯಲ್ಲಿ ಅದೇನು ಭರವಸೆ ಇತ್ತೋ, ಜನ ನಂಬಿ ಕೂತರು. ನಿವೃತ್ತಿಯಾದ ಮರುದಿನವೇ ಘೋಷಿಸಲಿಕ್ಕೆ ಏನೂ ಇಲ್ಲದಂತಾಗಿ, ಒಂದು ವಾರ ಅಡುಗೆಮನೆಯ ಬಾಗಿಲಲ್ಲಿ ನಿಂತು ಕುಕ್ಕರಿನ ಸೀಟಿಗಳನ್ನು ಘೋಷಿಸಿದಿರಿ. ಎಂಟನೆಯ ದಿನ ನಾನೇ ನಿಮ್ಮನ್ನು ಮಾಳಿಗೆಗೆ ಅಟ್ಟಿದೆ. ಅಲ್ಲಿ ಚಂದ್ರ ಸಿಕ್ಕಿದ. ಪಂಚಾಂಗದಲ್ಲಿ ವೇಳಾಪಟ್ಟಿ ಇದ್ದೂ ದಿನಕ್ಕೆ ಮುಕ್ಕಾಲು ತಾಸು ತಡವಾಗಿ ಬರುವವನು. ನಿಮಗೆ ಡಿಪೋದವನೇ ಒಬ್ಬ ಸಿಕ್ಕ ಹಾಗೆ ಆಗಿರಬೇಕು.

ಮೊದಲ ವರ್ಷ ನಿಮ್ಮ ಮಾತು ನಿಜವಾಯಿತು. ಅದನ್ನು ನಾನು ಅಲ್ಲಗಳೆಯುವುದಿಲ್ಲ. ಶೀಗಿ ಹುಣ್ಣಿವಿಯ ಹಿಂದುಮುಂದು, ಚಂದ್ರನ ಸುತ್ತ ದೊಡ್ಡದೊಂದು ಬಿಳಿ ಉಂಗುರ ಬಂದಿತ್ತು. ನಮ್ಮ ಕಡೆ ಚಂದ್ರಗ ಗುಡಿ ಕಟ್ಟೇದ ಅನ್ನುತ್ತೇವಲ್ಲ, ಅದು. ತೆಳುವಾದ ಮೋಡ ಇತ್ತು, ಉಂಗುರವನ್ನು ನಾನೂ ಕಂಡೆ. ‘ದೂರ ಗುಡಿ, ಹತ್ತಿರ ಮಳಿ’ ಅಂತ ಅತ್ತೆ ಹೇಳುತ್ತಿದ್ದ ಮಾತು ನೆನೆದು ನೀವು ಓಣಿಯ ವಾಟ್ಸಾಪಿಗೆ ದನಿ ಕಳಿಸಿದಿರಿ: ‘ಪ್ರಯಾಣಿಕರ ಗಮನಕ್ಕೆ, ಹತ್ತಿ ಬಿಡಿಸಿದವರು ಒಳಗೆ ಹಾಕಿಕೊಳ್ಳಬೇಕು.’ ಕೇಳಿದವರಲ್ಲಿ ಪ್ರಯಾಣಿಕರು ಒಬ್ಬರೂ ಇರಲಿಲ್ಲ, ಆದರೂ ಎಲ್ಲರೂ ಹತ್ತಿ ಒಳಗೆ ಹಾಕಿದರು. ಎರಡು ದಿನದಲ್ಲಿ ಮಳೆ ಬಂತು. ಓಣಿಯವರು ಬಂದು ನಿಮಗೆ ಶಾಲು ಹೊದಿಸಿದರು. ಆ ಶಾಲು ಈಗಲೂ ಟಿ.ವಿ. ಮೇಲೆ ಇದೆ.

ಹೋದ ದಸರೆಯಿಂದ ಈಚೆಗೆ ಚಂದ್ರ ದಿನಾಲೂ ಗುಡಿ ಕಟ್ಟಲಿಕ್ಕೆ ಶುರು ಮಾಡಿದ. ಬಿಳಿ ಉಂಗುರವೂ ಅಲ್ಲ, ಏಳು ಬಣ್ಣದ್ದು. ನೀವು ಸಂಜೆ ಮಾಳಿಗೆ ಹತ್ತುವುದು, ಕತ್ತಲಾಗುವ ತನಕ ಕಣ್ಣು ಹೊಂದಿಸಿಕೊಳ್ಳುವುದು, ಆಮೇಲೆ ‘ಬಂತು, ಬಂತು, ಒಳಗ ನೀಲಿ, ಹೊರಗ ಕೆಂಪು’ ಅನ್ನುವುದು. ಕೆಳಗೆ ಓಣಿಯಲ್ಲಿ ನಾಲ್ಕು ಜನ ನಿಂತು ಮೇಲೆ ನೋಡುವುದು. ನಿಮ್ಮ ಓಣಿಯ ಜನರ ಸಂಸ್ಕಾರ ದೊಡ್ಡದು. ಹಿರಿಯರೊಬ್ಬರು ಇಷ್ಟು ಅಕ್ಕರೆಯಿಂದ ತೋರಿಸುತ್ತಿರುವಾಗ ಕಾಣುವುದಿಲ್ಲ ಎನ್ನುವುದು ಹೇಗೆ? ‘ಹೌದ್ರಿ ಕಂಟ್ರೋಲರ್ ಸಾಹೇಬ್ರ, ಅಗಾ ಅಲ್ಲಿ, ಬಳಿ ತೊಡಿಸಿದಂಗ ಕಾಣ್ತದ’ ಅಂತ ಒಬ್ಬ ಅಂದರೆ, ಇನ್ನೊಬ್ಬ ಹಿಂದೆ ಬೀಳಬಾರದೆಂದು ‘ಎರಡು ಬಳಿ ಅವ’ ಅಂದ. ಎಲ್ಲರಿಗೂ ಕಂಡಿತು. ಎಲ್ಲರೂ ಮನೆಗೆ ಹೋಗಿ ಮಳೆಗೆ ಹೆದರಿ ರಾಶಿಗೆ ತಾಡಪತ್ರಿ ಹೊದಿಸಿದರು. ಮಾನ್ವಿಯಲ್ಲಿ ತಾಡಪತ್ರಿ ಅಂಗಡಿ ಇಟ್ಟಿರುವ ನಿಮ್ಮ ಗೆಳೆಯ ಅಬ್ದುಲ್ ವಹೀದರಿಗೆ ಆ ಸುಗ್ಗಿಯಲ್ಲಿ ಮಾಲು ಸಾಲಲಿಲ್ಲ. ಚಂದ್ರನ ಪ್ರಭಾವ ಮಳೆಯ ಮೇಲೆ ಇದೆಯೋ ಇಲ್ಲವೋ, ತಾಡಪತ್ರಿಯ ಮೇಲೆ ಇರುವುದು ಮಾನ್ವಿಯಲ್ಲಿ ರುಜುವಾತಾಗಿದೆ.

ನನಗೊಬ್ಬಳಿಗೆ ಕಾಣಲಿಲ್ಲ. ಮುಗಿಲು ತೊಳೆದಿಟ್ಟ ಹಾಗೆ ಇತ್ತು, ಚುಕ್ಕೆಗಳನ್ನು ಬೇಕಾದರೆ ಆರಿಸಿ ತೆಗೆಯಬಹುದಿತ್ತು. ‘ಎಲ್ಲಿ ಗುಡಿ?’ ಅಂತ ಕೇಳಿದರೆ ನೀವು ಮರುಕದಿಂದ, ‘ಅದಕ್ಕ ಅಭ್ಯಾಸ ಬೇಕು, ಸುನಂದಾ’ ಅಂದಿರಿ. ಕೆಳಗೆ ಇಳಿದ ಮೇಲೆ ಎಡ ಹುಬ್ಬು ಹಿಡಿದುಕೊಂಡು ಮಲಗುವಿರಿ. ತಲೆನೋವ್ಯಾಕ ಅಂದರೆ ಅದಕ್ಕೂ ಉತ್ತರ ಸಿದ್ಧ: ‘ಸಮುದ್ರ ಎಳಿಯೋ ಚಂದ್ರಗ ನನ್ನ ತಲಿ ಯಾವ ಲೆಕ್ಕ?’

ಇನ್ನು ಓಣಿಯ ರೈತ ಅಮೀರ್ ಸಾಬರ ಮೆಣಸಿನಕಾಯಿಯ ವಿಷಯ. ಜನವರಿ ಕೊನೆಗೆ ಅವರು ಊರ ಹೊರಗಿನ ಕಣದಲ್ಲಿ ಹಣ್ಣುಗಾಯಿ ಹರವಿದ್ದರು. ನೀವು ಮೂರು ದಿನ ಮಳೆ ಅಂದಿರಿ. ಅವರು ಮೂರು ದಿನ ತಾಡಪತ್ರಿ ಎಳೆದು ನಾಲ್ಕೂ ಕಡೆ ಕಲ್ಲು ಇಟ್ಟರು. ಬಂದದ್ದು ಬಿಸಿಲು. ತಾಡಪತ್ರಿಯ ಕೆಳಗೆ ಕಾಯಿ ಬೆವತು, ಬೂಸಲು ಹಿಡಿದು, ಅರ್ಧ ರಾಶಿಯ ಬಣ್ಣ ಹೋಯಿತು. ಮೆಣಸಿನಕಾಯಿಗೆ ಬಣ್ಣ ಹೋದರೆ ಉಳಿಯುವುದು ಬರೀ ಸಿಟ್ಟು. ಅದನ್ನು ಸಂತೆಯಲ್ಲಿ ಯಾರೂ ಕೊಳ್ಳುವುದಿಲ್ಲ. ಅವರು ಬಂದು ನಿಮ್ಮ ಮೇಲೆ ಕೂಗಾಡುತ್ತಾರೆಂದು ನಾನು ಕಾದೆ. ಅವರು ಬಂದರು, ಮೆಟ್ಟು ಬಿಟ್ಟು ಮೇಲೆ ಹತ್ತಿದರು. ‘ಚಾಂದ್ ಕೀ ಮರ್ಜಿ, ಸಾಹೇಬ್ರ’ ಅಂದರು. ನೀವು ‘ಇವತ್ತೂ ಕಟ್ಟೇದ ನೋಡ್ರಿ’ ಅಂತ ಬೆರಳು ತೋರಿಸಿದಿರಿ. ಅವರು ಬಹಳ ಹೊತ್ತು ಮೇಲೆ ನೋಡಿ, ‘ಹೌದ್ರಿ, ಕಾಣ್ತದ’ ಅಂದರು. ಆ ಮಾತಿನ ಹೊತ್ತಿಗೆ ನಾನು ಮೆಟ್ಟಿಲ ಮೇಲೆ ನಿಂತಿದ್ದೆ. ಇಷ್ಟು ವರ್ಷದಲ್ಲಿ ಮನುಷ್ಯನೊಬ್ಬ ಅಷ್ಟು ಸುಸ್ತಾಗಿ ಸುಳ್ಳು ಹೇಳಿದ್ದನ್ನು ನಾನು ಕೇಳಿರಲಿಲ್ಲ.

ಅವರು ಹೋದ ಮೇಲೆ ನಾನು ಚಹಾ ತಂದು ನಿಮ್ಮ ಎಡಕ್ಕೆ ಕೂತೆ. ಅಮೀರ್ ಸಾಬರ ಬಗ್ಗೆ ಹೇಳಬೇಕಾದ್ದನ್ನೆಲ್ಲ ಮನಸ್ಸಿನಲ್ಲೇ ಜೋಡಿಸಿಕೊಳ್ಳುತ್ತ ಸುಮ್ಮನೆ ಕೂತಿದ್ದೆ. ಕಪ್ಪನ್ನು ಮುಂದೆ ಚಾಚಿದೆ. ನೀವು ನೋಡಲಿಲ್ಲ. ಇನ್ನೂ ಚಾಚಿದೆ. ಆಗಲೂ ಇಲ್ಲ. ಆಮೇಲೆ ನೀವು ಕೈ ಬೀಸಿ ತಿರುಗಿದಿರಿ, ಕಪ್ಪು ಹಾರಿತು, ಚಹಾ ನನ್ನ ಮಡಿಲಿಗೆ ಬಿತ್ತು. ಅದರ ಮೇಲೆ ನೀವು ಕೇಳಿದ ಪ್ರಶ್ನೆ: ‘ಯಾವಾಗ ಬಂದಿ?’

ಅದು ಮೊದಲ ಸಲವಾಗಿದ್ದರೆ ಸೀರೆ ಹಿಂಡಿಕೊಂಡು ಸುಮ್ಮನಾಗುತ್ತಿದ್ದೆ. ಆದರೆ ಒಂದು ವರ್ಷದಿಂದ ಹಾಗೇ ನಡೆದಿತ್ತು. ಪಕ್ಕದಲ್ಲಿ ನಿಂತರೆ ನೋಡುವುದಿಲ್ಲ, ತಾಟು ಇಟ್ಟರೆ ತಿರುಗುವುದಿಲ್ಲ, ಹಾದು ಹೋಗುವಾಗ ಭುಜಕ್ಕೆ ಡಿಕ್ಕಿ ಹೊಡೆದು ಗೋಡೆಗೆ ಹೊಡೆದವರ ಹಾಗೆ ಸುಮ್ಮನೆ ಮುಂದೆ ಹೋಗುವುದು. ‘ಮುಗಿಲ ಮೇಲಿನ ಬಳಿ ಕಾಣ್ತದ, ಮಗ್ಗಲದಾಗಿನ ಹೆಣ್ತಿ ಕಾಣೂದಿಲ್ಲ’ ಅಂತ ನಾನು ಕಿರುಚಿದ್ದು ಓಣಿಗೆಲ್ಲ ಕೇಳಿಸಿತು. ಅದನ್ನು ಮಾತ್ರ ಎಲ್ಲರೂ ನಿಜವಾಗಿ ಕೇಳಿದರು. ಮುಂಜಾನೆಯ ಬಸ್ಸಿಗೆ ಬಂದುಬಿಟ್ಟೆ. ಎರಡು ದಿನ ತಡೆದಿದ್ದರೆ ಭಾರತ ಹುಣ್ಣಿವಿಯ ಹೋಳಿಗೆ ತಿಂದು ಬರಬಹುದಿತ್ತು. ಸಿಟ್ಟಿನಲ್ಲಿ ಲೆಕ್ಕ ತಪ್ಪಿತು.

ಇಲ್ಲಿ ಬಂದ ಮೇಲೆ ನಿಮ್ಮ ಚಂದ್ರನನ್ನು ಸೋಲಿಸಬೇಕೆಂಬ ಒಂದೇ ಉದ್ದೇಶದಿಂದ ನಾನು ವಿದ್ಯಾಭ್ಯಾಸ ಶುರುಮಾಡಿದೆ. ಗುರು ಸ್ವಪ್ನಾ. ಅವಳು ಕೃಷಿ ಕಾಲೇಜಿನಲ್ಲಿ ಹವಾಮಾನವನ್ನೇ ಓದುತ್ತಿದ್ದಾಳೆ. ‘ಚಂದ್ರಗೂ ಮಳಿಗೂ ಏನೂ ಸಂಬಂಧ ಇಲ್ಲ ಅಂತ ಒಂದು ಚೀಟಿ ಬರೆದು ಕೊಡವ್ವ, ನಿಮ್ಮ ಕಾಕಾನ ಮುಖಕ್ಕ ಹಿಡಿತೀನಿ’ ಅಂದೆ. ಹುಡುಗಿ ಕೊಡಲಿಲ್ಲ. ಸಂಬಂಧ ಇದೆಯಂತೆ! ಚಂದ್ರ ಸಮುದ್ರವನ್ನು ಎಳೆದ ಹಾಗೆ ಗಾಳಿಯನ್ನೂ ಎಳೆಯುತ್ತಾನಂತೆ. ಅವನು ನೆತ್ತಿಯ ಮೇಲೆ ಬಂದಾಗ ಗಾಳಿ ಉಬ್ಬಿ, ಅದರ ಭಾರ ಕೂದಲೆಳೆಯಷ್ಟು ಏರಿ, ಗಾಳಿ ಚೂರು ಬೆಚ್ಚಗಾಗಿ, ಮಳೆ ಅತೀ ಸ್ವಲ್ಪ ಕಡಿಮೆಯಾಗುತ್ತದಂತೆ. ಎಷ್ಟು ಸ್ವಲ್ಪ ಅಂತ ಕೇಳಿದೆ. ‘ನೂರು ಹನಿ ಒಳಗ ಒಂದು ಹನಿ ಚಂದ್ರನ ಮಾತು ಕೇಳ್ತದ ಅನ್ಕೋ ಚಿಕ್ಕವ್ವ, ಅದೂ ಕೇಳಿದರ ಕೇಳ್ತು’ ಅಂದಳು. ನಮ್ಮ ಮನೆಯಲ್ಲಿ ನನ್ನ ಮಾತಿಗೂ ಹೆಚ್ಚುಕಡಿಮೆ ಅಷ್ಟೇ ಬೆಲೆ. ಅಂದಿನಿಂದ ನನಗೆ ಚಂದ್ರನ ಮೇಲೆ ಸಿಟ್ಟು ಇಳಿಯಿತು.

ಅತ್ತೆಯ ಗಾದೆಯನ್ನೂ ಹುಡುಗಿ ಬಿಟ್ಟುಕೊಡಲಿಲ್ಲ. ಬಹಳ ಎತ್ತರದಲ್ಲಿ ತೆಳು ಮೋಡ ಬಂದಾಗ ಅದರಲ್ಲಿ ಹಿಮದ ಹರಳುಗಳಿರುತ್ತವಂತೆ. ಅವುಗಳ ಮೂಲಕ ಹಾದ ಬೆಳದಿಂಗಳೇ ಗುಡಿ. ಮಳೆಗಿಂತ ಮುಂಚೆ ಅಂಥ ಮೋಡ ಬರುವುದು ಉಂಟು, ಆದ್ದರಿಂದ ಅಜ್ಜಿ ಹೇಳಿದ್ದು ಸುಳ್ಳಲ್ಲ ಅಂದಳು. ‘ಆದರ ಚಿಕ್ಕವ್ವ, ಆ ಗುಡಿ ಬೆಳ್ಳಗ ಇರ್ತದ. ತೋಳು ಚಾಚಿ ಗೇಣು ಹಿಡಿದರ ಚಂದ್ರನಿಂದ ಒಂದು ಗೇಣು ದೂರ ಇರ್ತದ. ಮೋಡ ಇಲ್ಲದ ಮುಗಿಲಾಗ ದಿನಾ ಏಳು ಬಣ್ಣದ್ದು ಹೆಂಗ ಬರ್ತದ? ಕಾಕಾ ನೋಡಿದ್ದು ಏನೋ ಬ್ಯಾರೆ ಇರಬೇಕು.’ ಆಗ ನಾನು ನಕ್ಕು, ನಿಮ್ಮ ಕಾಕಾಗ ಎಲ್ಲಾ ಬ್ಯಾರೆನ ಕಾಣ್ತದ ಅಂದೆ. ವಿದ್ಯಾಭ್ಯಾಸ ಅಲ್ಲಿಗೆ ಮುಗಿಯಿತು ಅಂದುಕೊಂಡೆ.

ಈಗ ಬಲ್ಬು.

ನಾನು ಬಂದ ವಾರದಲ್ಲೇ ಅಕ್ಕ ಪಡಸಾಲೆಯ ಬಲ್ಬಿನ ಮೇಲೆ ದೂರು ತೆಗೆದಳು. ಬಲ್ಬು ಸರಿಯಿಲ್ಲ, ಸುತ್ತಲೂ ಬಣ್ಣದ ಬಳೆ ಬಿಡುತ್ತದೆ, ಇಂಥ ಮಾಲು ಕೊಡುವವರ ಅಂಗಡಿ ಮುಚ್ಚಿಸಬೇಕು ಅಂತ. ಹೊಸದು ತಂದೆವು. ಅದೂ ಬಳೆ ಬಿಟ್ಟಿತು. ಇನ್ನೊಂದು ಕಂಪನಿಯದು ತಂದೆವು. ಅದೂ ಅದೇ ಜಾತಿಯದು. ಮೂರನೆಯದಕ್ಕೆ ಅಕ್ಕ ಸ್ವತಃ ಅಂಗಡಿಗೆ ಬಂದು, ಹಳೆಯದನ್ನು ದುಡ್ಡಿನ ಗಲ್ಲೆಯ ಮುಂದೆ ಕುಕ್ಕಿ ಜಗಳ ತೆಗೆದಳು. ಅಂಗಡಿಯವ ಬಲ್ಬು ಹಚ್ಚಿ, ಆರಿಸಿ, ಮತ್ತೆ ಹಚ್ಚಿ, ಕೊನೆಗೆ ಕೈ ಮುಗಿದ. ‘ಅಕ್ಕಾರ, ಚಂದ್ರಗ ಗುಡಿ ಕಟ್ಟೋದು ಕೇಳೀನಿ. ಬಲ್ಬಿಗೆ ಗುಡಿ ಕಟ್ಟೋದು ನಾ ಎಲ್ಲೂ ಕೇಳಿಲ್ರಿ.’

ಗಲ್ಲೆಯ ಪಕ್ಕದಲ್ಲಿ ಒಂದು ಸ್ಟೂಲಿತ್ತು. ನಾನು ಅದರ ಮೇಲೆ ಕೂತುಬಿಟ್ಟೆ. ಅಕ್ಕ ನನಗೆ ಬಿಸಿಲು ಬಡಿಯಿತೆಂದು ಸೋಡಾ ತರಿಸಿದಳು.

ಮರುದಿನ ಅಕ್ಕನನ್ನು ಕಣ್ಣಿನ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದೆ. ಅಕ್ಕ ಹೋಗುವವಳಲ್ಲ, ನಿಮ್ಮ ಹಾಗೆಯೇ. ‘ನನಗ ಚಷ್ಮಾ ಇಲ್ಲದ ಪೇಪರ್ ಓದಾಕ ಬರ್ತದ’ ಅಂತ ಅದೇ ಪಲ್ಲವಿ. ನನ್ನ ಕಣ್ಣು ತೋರಿಸಬೇಕು, ಜೊತೆಗೆ ಬಾ ಅಂದೆ. ಅಲ್ಲಿ ಇಬ್ಬರದೂ ನೋಡಿದರು. ನಾನು ಪಾಸಾದೆ. ಅಕ್ಕನನ್ನು ಒಂದು ಡಬ್ಬಿಯಂಥ ಯಂತ್ರಕ್ಕೆ ಮುಖ ಕೊಟ್ಟು ಕೂರಿಸಿದರು. ಒಳಗೆ ಅಲ್ಲಲ್ಲಿ ಮಿಣುಕು ದೀಪ ಹತ್ತುತ್ತದೆ, ಕಂಡಾಗ ಗುಂಡಿ ಒತ್ತಬೇಕು. ಅಕ್ಕ ಬಹಳ ಹೊತ್ತು ಒತ್ತದೇ ಕೂತಳು. ‘ಯಂತ್ರ ಬಂದ್ ಆಗ್ಯದೇನ್ರಿ?’ ಅಂತ ಕೇಳಿದಳು. ಯಂತ್ರ ನಡೆದೇ ಇತ್ತು.

ಡಾಕ್ಟರಮ್ಮ ಹೇಳಿದ್ದನ್ನು ಇದ್ದ ಹಾಗೆ ಬರೆಯುತ್ತೇನೆ. ಕಣ್ಣಿನ ಒಳಗಿನ ನೀರಿಗೆ ಹೊರಗೆ ಹರಿಯುವ ದಾರಿ ಕಟ್ಟಿಕೊಂಡು ಒತ್ತಡ ಏರುತ್ತದೆ. ಕತ್ತಲಲ್ಲಿ ಇನ್ನೂ ಹೆಚ್ಚು. ಆಗ ದೀಪದ ಸುತ್ತ ಬಣ್ಣದ ಬಳೆ ಕಾಣುತ್ತದೆ, ಹುಬ್ಬು ನೋಯುತ್ತದೆ. ನೆಟ್ಟಗಿನ ನೋಟ ಕೊನೆಯ ತನಕ ಚೆನ್ನಾಗಿರುತ್ತದೆ, ಪೇಪರ್ ಓದಬಹುದು, ಆದ್ದರಿಂದ ಯಾರೂ ಬರುವುದಿಲ್ಲ. ಮೊದಲು ಹೋಗುವುದು ಮಗ್ಗುಲಿನ ನೋಟ. ಹೋದದ್ದು ಯಾವ ಔಷಧಕ್ಕೂ ತಿರುಗಿ ಬರುವುದಿಲ್ಲ. ಉಳಿದದ್ದನ್ನು ಬೇಗ ಬಂದರೆ ಉಳಿಸಿಕೊಳ್ಳಬಹುದು. ಇದು ಮನೆತನದಲ್ಲಿ ಹರಿದು ಬರುತ್ತದೆ, ನಿಮ್ಮ ಬಳಗದಲ್ಲಿ ಇನ್ನು ಯಾರಿಗಾದರೂ ಇದೆಯೇ ಅಂತ ಕೇಳಿದರು. ಆಮೇಲೆ, ಕಾಗದ ಬರೆಯುತ್ತ, ಸುಮ್ಮನೆ ಅಂದ ಹಾಗೆ ಒಂದು ಮಾತು ಸೇರಿಸಿದರು: ‘ಇಂಥವರನ್ನ ಮನಿಯವರು ಬೈತಿರ್ತಾರ ನೋಡ್ರಿ, ಪಕ್ಕದಾಗ ನಿಂತರೂ ಮಾತಾಡ್ಸಲ್ಲ, ಸೊಕ್ಕು ಬಂದದ ಅಂತ. ಪಾಪ, ಅವರಿಗೆ ಕಂಡಿರಂಗಿಲ್ಲ.’

ನೀವೂ ನೇತ್ರಕ್ಕನೂ ಒಂದೇ ಅಜ್ಜಿಯ ಮೊಮ್ಮಕ್ಕಳು. ಅಕ್ಕ ಬಲ್ಬು ಬದಲಾಯಿಸಿದಳು. ಚಂದ್ರನನ್ನು ಬದಲಾಯಿಸಲಿಕ್ಕೆ ಬರುವುದಿಲ್ಲ, ಆದ್ದರಿಂದ ನೀವು ಮಳೆ ಘೋಷಿಸಿದಿರಿ.

ಅಂದು ಸಂಜೆ ಕೂತು, ಒಂದು ವರ್ಷದ ನನ್ನ ಸಿಟ್ಟುಗಳನ್ನೆಲ್ಲ ಒಂದೊಂದಾಗಿ ತೆಗೆದು ನೋಡಿದೆ. ತಾಟು ಇಟ್ಟದ್ದು ಎಡಕ್ಕೆ. ಭುಜ ತಾಗಿದ್ದು ಎಡಕ್ಕೆ. ಮಾಳಿಗೆಯಲ್ಲಿ ಕೂತದ್ದು ಎಡಕ್ಕೆ. ಬಲಗಡೆಯಿಂದ ನೀವು ನನ್ನನ್ನು ಒಮ್ಮೆಯೂ ಅಲಕ್ಷ್ಯ ಮಾಡಿಲ್ಲ. ಬಲಗಡೆಯಿಂದ ನೋಡಿದರೆ ನೀವು ತಕ್ಕಮಟ್ಟಿಗೆ ಒಳ್ಳೆಯ ಗಂಡನೇ. ಇಷ್ಟು ಅನುಕೂಲವಾದ ಸಿಟ್ಟೊಂದು ಕೈಬಿಟ್ಟು ಹೋದದ್ದಕ್ಕೆ ನನಗೆ ಸ್ವಲ್ಪ ಬೇಸರವೂ ಆಯಿತು. ಅದನ್ನು ಬಸ್ಸಿನಲ್ಲಿ ಜೋಪಾನವಾಗಿ ತಂದಿದ್ದೆ.

ನನ್ನದು ಹೆಂಗಸರ ಹೆದರಿಕೆ ಅನ್ನುತ್ತೀರೆಂದು ಒಬ್ಬ ಗಂಡಸಿನ ಸಾಕ್ಷಿಯನ್ನೂ ಇಡುತ್ತೇನೆ. ನಿನ್ನೆ ವಹೀದ್ ಭಾಯಿ ರಾಯಚೂರಿಗೆ ಮಾಲು ತರಲಿಕ್ಕೆ ಬಂದವರು ಇಲ್ಲಿಗೂ ಬಂದರು. ರಂಜಾನಿನ ರೋಜಾ ಇದ್ದರು, ಚಹಾ ಮುಟ್ಟಲಿಲ್ಲ. ಎದ್ದು ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದರು: ‘ಭಾಭಿ, ಹೋದ ವಾರ ನಮ್ಮ ದೋಸ್ತ್ ಮಾನ್ವಿಗೆ ಬಂದಿದ್ದ. ಹಾಡಾ ಹಗಲು, ನಿಂತ ಕೈಗಾಡಿಗೆ ಹೋಗಿ ಬಡಕೊಂಡ. ಬಾಳೆಹಣ್ಣೆಲ್ಲ ರಸ್ತೆಗೆ. ಗಾಡಿಯವನಿಗೇ ಬೈದ, ಯಾಕ ಒಮ್ಮೆಲೆ ಬಂದಿ ಅಂತ. ಗಾಡಿ ಮುಂಜಾನಿಂದ ಅಲ್ಲೇ ಇತ್ತು.’ ಮೂಗಿನ ಕೆಳಗೆ ಒಂದು ಗಾಯ ಆದದ್ದನ್ನೂ ಅವರೇ ಹೇಳಿದರು, ನೀವು ನನಗೆ ಫೋನಿನಲ್ಲಿ ಹೇಳಲಿಲ್ಲ. ಇರಲಿ. ನಾನು ಅವರಿಗೆ, ನಿಮ್ಮ ದೋಸ್ತಗ ಕಣ್ಣು ಸರಿಯಾದರ ನಿಮ್ಮ ತಾಡಪತ್ರಿ ಯಾರು ಕೊಳ್ತಾರ್ರಿ ಅಂತ ಚೇಷ್ಟೆ ಮಾಡಿದೆ. ಅವರು ನಗಲಿಲ್ಲ. ‘ಧಂದೆ ಹಾಳಾಗ್ಲಿ ಭಾಭಿ, ಅವನ್ನ ಕರ್ಕೊಂಡು ಬರ್ರಿ’ ಅಂದರು.

ನಿಮ್ಮ ತೊಂದರೆ ನನಗೆ ತಿಳಿಯುತ್ತದೆ. ಡಾಕ್ಟರಮ್ಮ ಹೌದು ಅಂದುಬಿಟ್ಟರೆ ದಸರೆಯಿಂದೀಚೆಗಿನ ಗುಡಿಗಳೆಲ್ಲ ಮುಗಿಲಲ್ಲಿ ಇರಲಿಲ್ಲ, ನಿಮ್ಮ ಕಣ್ಣಲ್ಲಿ ಇದ್ದವು ಅಂತಾಯಿತು. ಅಮೀರ್ ಸಾಬರ ಮೆಣಸಿನಕಾಯಿ ಯಾವ ಚಂದ್ರನೂ ಕೆಡಿಸಲಿಲ್ಲ ಅಂತಾಯಿತು. ಮೈಕಿನ ಮುಂದೆ ಕೂತವರಿಗೆ ಅದನ್ನು ಒಪ್ಪುವುದು ಕಷ್ಟ. ಬರದ ಬಸ್ಸನ್ನು ಬಂತು ಅಂತ ಹೇಳಿದಂತೆ. ಆದರೆ ಹಾಗೆ ಆದ ದಿನಗಳಲ್ಲಿ ನೀವೇ ಮತ್ತೆ ಮೈಕ್ ಹಚ್ಚಿ ‘ತಪ್ಪಾಗಿ ಘೋಷಿಸಲಾಗಿದೆ, ಪ್ರಯಾಣಿಕರು ಮನ್ನಿಸಬೇಕು’ ಅಂದದ್ದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ. ಊರಿನಲ್ಲಿ ನಿಮಗೆ ಮರ್ಯಾದೆ ಬಂದದ್ದು ಆ ಮಾತಿನಿಂದ. ಶಾಲಿನಿಂದಲ್ಲ.

ಮಳೆ ಹೇಳುವುದನ್ನು ಬಿಡಿ ಅಂತಲೂ ನಾನು ಹೇಳುತ್ತಿಲ್ಲ. ಸ್ವಪ್ನಾಳ ಕಾಲೇಜಿನಿಂದ ವಾರಕ್ಕೆ ಎರಡು ಸಲ ಹವಾಮಾನದ ವರದಿ ಬರುತ್ತದೆ. ಬರೆದವರಿಗೆ ವಿದ್ಯೆ ಇದೆ, ದನಿ ಇಲ್ಲ. ಓದಿದರೆ ಬ್ಯಾಂಕಿನ ನೋಟೀಸಿನ ಹಾಗೆ ಇರುತ್ತದೆ. ಅದನ್ನು ನಿಮ್ಮ ಬಾಯಲ್ಲಿ ಹೇಳಿದರೆ ಜನ ಕೇಳುತ್ತಾರೆ. ನೂರರಲ್ಲಿ ಒಂದು ಹನಿಯ ಮಟ್ಟಿಗೆ ಚಂದ್ರನನ್ನೂ ಸೇರಿಸಿಕೊಳ್ಳಿ, ಸ್ವಪ್ನಾಳ ತಕರಾರು ಇಲ್ಲ.

ಇಷ್ಟರ ಮೇಲೂ ನಂಬಿಕೆ ಬಾರದಿದ್ದರೆ ಒಂದು ಪರೀಕ್ಷೆ ಇದೆ. ಇದಕ್ಕೆ ಡಾಕ್ಟರು ಬೇಡ, ನಾನೂ ಬೇಡ. ಈ ಪತ್ರ ಮುಟ್ಟುವ ಹೊತ್ತಿಗೆ ಚಂದ್ರ ಅರ್ಧಕ್ಕಿಂತ ತುಂಬಿರುತ್ತಾನೆ. ಮಾಳಿಗೆಗೆ ಹೋಗಿ. ಗುಡಿ ಕಾಣಿಸಿಕೊಂಡ ಮೇಲೆ ತೋಳು ಚಾಚಿ, ಹೆಬ್ಬೆರಳಿನಿಂದ ಚಂದ್ರನನ್ನು ಪೂರ್ತಿ ಮುಚ್ಚಿ. ಗುಡಿ ಮುಗಿಲಿನದಾಗಿದ್ದರೆ ಚಂದ್ರ ಮರೆಯಾದರೂ ಅದು ಅಲ್ಲೇ ಇರುತ್ತದೆ. ಆಗ ನಾನು ಸೋತೆ. ದೇವದುರ್ಗದ ಬಸ್ ನಿಲ್ದಾಣದಲ್ಲಿ ಮೈಕ್ ಹಿಡಿದು ಸೋತೆ ಅಂತ ನಾನೇ ಘೋಷಿಸುತ್ತೇನೆ. ಚಂದ್ರನ ಜೊತೆಗೆ ಗುಡಿಯೂ ಹೋದರೆ ಅದು ಮುಗಿಲಿನದಲ್ಲ. ಯಾರಿಗೂ ಹೇಳಬೇಡಿ. ಕೆಳಗೆ ಇಳಿಯುವಾಗ ಗೋಡೆ ಹಿಡಿದು ಇಳಿಯಿರಿ, ಎಡಗಡೆಯ ಮೆಟ್ಟಿಲ ಅಂಚು ಒಡೆದಿದೆ.

ಗುರುವಾರ ಹತ್ತು ಗಂಟೆಗೆ ಡಾಕ್ಟರಮ್ಮನ ಹತ್ತಿರ ಹೆಸರು ಬರೆಸಿದ್ದೇನೆ. ಏಳರ ಬಸ್ಸಿಗೆ ಕೂತರೆ ಸರಿಹೋಗುತ್ತದೆ. ಓಣಿಯಲ್ಲಿ ಯಾರಾದರೂ ಕೇಳಿದರೆ, ಚಂದ್ರನ ವಿಷಯ ಮಾತಾಡಾಕ ರಾಯಚೂರಿಗೆ ಕರಿಸ್ಯಾರ ಅನ್ನಿ. ಸುಳ್ಳೇನಲ್ಲ. ಡಾಕ್ಟರಮ್ಮ ಮೊದಲು ಕೇಳುವುದೇ ಅದನ್ನು. ಬಸ್ಸು ಕಲ್ಮಲ ದಾಟಿದ ಮೇಲೆ ಒಂದು ಫೋನ್ ಮಾಡಿ. ನಿಲ್ದಾಣದಲ್ಲಿ ನೀವು ಇಳಿಯುವ ಬಾಗಿಲಿನ ಬಲಕ್ಕೆ ನಿಂತಿರುತ್ತೇನೆ. ಜನರ ಗದ್ದಲದಲ್ಲಿ ಎಡಕ್ಕೆ ಸರಿಯುವ ಪ್ರಸಂಗ ಬಂದರೆ, ಕೂಗುತ್ತೇನೆ. ನನ್ನ ಕೂಗು ನಿಮಗೆ ಗೊತ್ತಿದೆ.

ಅಕ್ಕ ದಿನಕ್ಕೆ ಎರಡು ಸಲ ಕಣ್ಣಿಗೆ ಹನಿ ಹಾಕಿಸಿಕೊಳ್ಳುತ್ತಾಳೆ, ಬಲ್ಬಿನ ಅಂಗಡಿಯವನ ಜೊತೆ ರಾಜಿಯಾಗಿದ್ದಾಳೆ. ಇಲ್ಲಿ ಎಲ್ಲರೂ ಕ್ಷೇಮ. ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಬೇಕಾಗಿಲ್ಲ, ಬಂದರೆ ಸಾಕು.

ಇಂತಿ ನಿಮ್ಮ ಮಗ್ಗುಲಿನವಳು,
ಸುನಂದಾ

ತಾ.ಕ.: ಹೆಬ್ಬೆರಳು ಇಟ್ಟಾಗ ಗುಡಿ ಉಳಿದರೂ ಬರ್ರಿ, ಹೋದರೂ ಬರ್ರಿ. ಹೆಸರು ಬರೆಸಿದ್ದು ನಿಮ್ಮೊಬ್ಬರದೇ, ಆದರೆ ಸಂಜೆ ದೇವದುರ್ಗದ ಬಸ್ಸಿಗೆ ಎರಡು ಸೀಟು ಹೇಳಿಟ್ಟಿದ್ದೇನೆ. ಬರುವ ದಿನ ಸಿಟ್ಟಿನಲ್ಲಿ ನನ್ನ ಮನೆ ಕೀಲಿಯನ್ನು ದೇವರ ಮಾಡದ ಗೂಡಿನಲ್ಲಿ ಬಿಟ್ಟು ಬಂದಿದ್ದೇನೆ. ಎಡಗಡೆ ಇದೆ, ತಲೆ ಪೂರ್ತಿ ತಿರುಗಿಸಿ ನೋಡಿದರೆ ಸಿಗುತ್ತದೆ. ಮರೆಯದೆ ಅದನ್ನೂ ಜೇಬಿನಲ್ಲಿ ಹಾಕಿಕೊಂಡು ಬರಬೇಕು.